ಕೃತಿಯ ಹಕ್ಕು: ಒಡೆತನ, ಕರಾರು, ವ್ಯಾಜ್ಯ

1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರ ಹಕ್ಕು ಕೃತಿ ಬರಹಕ್ಕಿಳಿದಾಗಲೇ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ನೋಂದಣಿ ಪುಸ್ತಕದ ನಮೂದು ಮೇಲ್ನೋಟದ ಸಾಕ್ಷ್ಯವಾಗಿ, ಅಂದರೆ ಎದುರು ಪಕ್ಷದವರು ಪುರಾವೆಯಿಂದ ಅಲ್ಲಗಳೆಯುವವರೆಗೆ ನಿಲ್ಲುವ ಸಾಕ್ಷ್ಯವಾಗಿ, ನ್ಯಾಯಾಲಯದಲ್ಲಿ ನೆರವಿಗೆ ಬರುತ್ತದೆ.

ಮೊದಲ ಒಡೆಯರು ಸಾಮಾನ್ಯವಾಗಿ ಕರ್ತೃವೇ ಆಗಿದ್ದರೂ 17ನೇ ಸೆಕ್ಷನ್ನಿನ ಅಪವಾದಗಳನ್ನು ಗಮನಿಸಬೇಕು. ಪತ್ರಿಕೆಯ ಸಿಬ್ಬಂದಿ ಕೆಲಸದ ಭಾಗವಾಗಿ ಬರೆದ ಲೇಖನವನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದಾದರೆ, ಅದನ್ನು ಸಂಕಲನಕ್ಕೆ ಸೇರಿಸುವಂತಹ ಉಳಿದ ಹಕ್ಕುಗಳು ಬರೆದವರಲ್ಲೇ ಉಳಿಯುತ್ತವೆ. ಹೊರಗಿನ ಲೇಖಕರು ಗೌರವಧನ ಪಡೆದ ಮಾತ್ರಕ್ಕೆ ಹಕ್ಕು ಕೈಬದಲಾಗುವುದಿಲ್ಲ, ಏಕೆಂದರೆ ವರ್ಗಾವಣೆಗೆ ಸಹಿಯುಳ್ಳ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಭಾವಿಸುತ್ತದೆ. "ಸರ್ವಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ" ಎಂಬ ಒಂದು ಸಾಲಿನ ಒಪ್ಪಿಗೆಗೆ ಸಹಿ ಹಾಕುವ ರೂಢಿ ಎಷ್ಟು ಸಲೀಸೋ ಅಷ್ಟೇ ಅಪಾಯಕಾರಿ.

ಲೇಖಕರ ಜೀವಿತಾವಧಿಯ ನಂತರವೂ ಅರವತ್ತು ವರ್ಷ ಹಕ್ಕು ಉಳಿಯುವುದರಿಂದ ಉಯಿಲಿನ ಮಾತುಗಳೂ ಮುಖ್ಯವಾಗುತ್ತವೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಅವರ ನಿಧನಾನಂತರ, 2001ರಲ್ಲಿ, ಮಣಿಪಾಲದ ಸಂಸ್ಥೆಯೊಂದು ದೆಹಲಿಯಲ್ಲಿ ಪ್ರದರ್ಶಿಸಿದಾಗ, 1994ರ ಉಯಿಲಿನ ಮೂಲಕ ಹಕ್ಕು ಪಡೆದವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತಾದರೂ, ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ತಮ್ಮವರ ಮುಂದೆಯೇ ನಡೆಸುವ ಪ್ರದರ್ಶನಕ್ಕೆ 52ನೇ ಸೆಕ್ಷನ್ ನೀಡುವ ವಿನಾಯಿತಿಗೆ ತಡೆಯಾಜ್ಞೆ ಅಡ್ಡಿಯಾಗದೆಂದು ಸ್ಪಷ್ಟಪಡಿಸಿತು. ಹಕ್ಕಿನ ಗೆಲುವಿಗೂ ಮೇರೆಯುಂಟೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಕನ್ನಡಿಗರಿಗೆ ಸಿಗುವುದು ಕಷ್ಟ.

ಉಲ್ಲಂಘನೆಯಾದಾಗ ವಕೀಲರ ನೋಟಿಸಿನ ಬಳಿಕ ತಡೆಯಾಜ್ಞೆ, ನಷ್ಟ ಪರಿಹಾರ ಮತ್ತು ಲಾಭದ ಲೆಕ್ಕ ಕೋರಿ ದಾವೆ ಹೂಡಬಹುದು. 62ನೇ ಸೆಕ್ಷನ್ ಪ್ರಕಾರ ವಾದಿ ತಾನು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯವನ್ನೇ ಆರಿಸಿಕೊಳ್ಳಬಹುದಾದ್ದರಿಂದ ದೂರದ ಪ್ರಕಾಶಕರ ಊರಿಗೆ ಅಲೆಯಬೇಕಿಲ್ಲ. ಪರಿಹಾರದ ದಾವೆಗೆ ಉಲ್ಲಂಘನೆಯ ದಿನದಿಂದ ಮೂರು ವರ್ಷದ ಕಾಲಮಿತಿಯಿದೆ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ; ಅಲ್ಲಿ ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಯತ್ನಿಸಬೇಕು. ತಿಳಿದೂ ನಕಲು ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದ್ದು, ಇದು ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ವಕೀಲರ ಶುಲ್ಕ ಭರಿಸಲಾಗದ ಲೇಖಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಇದಕ್ಕೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಅರ್ಜಿಯ ಜೊತೆಗೆ ಹಸ್ತಪ್ರತಿ, ಕರಾರುಪತ್ರ ಮತ್ತು ಗೌರವಧನದ ರಸೀದಿಗಳನ್ನು ಒಯ್ಯುವುದು ಒಳ್ಳೆಯದು.