ಹಾಸ್ಟೆಲ್ ಗುಡಿಸುವವರಿಗೆ ಎಷ್ಟು ಗಂಟೆ ಕೆಲಸ?

ಯೂನಿಯನ್ನಿನವರ ಬೇಸಿಗೆ ಶಿಬಿರಕ್ಕೆ ನಿನ್ನ ಹೆಸರು ಬಂದಿದೆ ಎಂದು ನಿಮ್ಮಮ್ಮ ಹೇಳಿದಳು ಮಗಳೇ. ಎಸ್ಸೆಸ್ಸೆಲ್ಸಿ ಫೇಲಾದವಳು ಅಲ್ಲಿ ಕೂತು ಏನು ಮಾಡಲಿ ಎಂದು ಹಿಂಜರಿಯುತ್ತಿದ್ದೀಯಂತೆ. ಗಾರ್ಮೆಂಟ್ಸ್ ಹುಡುಗಿಗೆ ಅರ್ಥಶಾಸ್ತ್ರ ಬೇರೆ ಕೇಡು ಅಂತ ಲೈನಿನಲ್ಲಿ ಯಾರೋ ನಕ್ಕರಂತೆ. ನಗಲಿ ಬಿಡು. ನಿನಗಿಂತ ಕಡಿಮೆ ಓದಿದವರು ಸೇರಿಕೊಂಡು ಒಂದು ಕಾಲೇಜಿನ ನಿದ್ದೆ ಕೆಡಿಸಿದ್ದರು; ಹೊರಡುವ ಮೊದಲು ಅದು ನಿನಗೆ ಗೊತ್ತಿರಲಿ.

ಅಮೆರಿಕದ ಫಿಲಡೆಲ್ಫಿಯಾ ಪಕ್ಕದಲ್ಲಿ ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿದೆ. ಆಗ ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಉಳ್ಳವರ ಮನೆಯವರು. ರಜೆಯಲ್ಲಿ ಖಾಲಿ ಬೀಳುವ ಆ ಕಟ್ಟಡಗಳಲ್ಲಿ ಕಾರ್ಖಾನೆಯ ಹೆಂಗಸರಿಗೆ ಪಾಠ ನಡೆಯಲಿ ಎಂದು ಅಧ್ಯಕ್ಷೆ ಎಂ. ಕ್ಯಾರಿ ಥಾಮಸ್ ಮನಸ್ಸು ಮಾಡಿದರು. 1921ರಲ್ಲಿ ಬೇಸಿಗೆ ಶಾಲೆ ಶುರುವಾಯಿತು; ಹಿಲ್ಡಾ ಸ್ಮಿತ್ ನಿರ್ದೇಶಕಿ. ಎಂಟು ವಾರ, ವರ್ಷಕ್ಕೆ ನೂರರ ಆಸುಪಾಸು ಹೆಂಗಸರು. ಬಟ್ಟೆ ಹೊಲಿಯುವವರು, ಟೋಪಿ ಮಾಡುವವರು, ಗಿರಣಿಯವರು. ಬಹಳಷ್ಟು ಜನ ಪ್ರಾಥಮಿಕ ಶಾಲೆಯಾಚೆ ಹೋದವರಲ್ಲ. ಊಟ ವಸತಿಗೆ ವಿದ್ಯಾರ್ಥಿವೇತನ ಸಿಕ್ಕಿತು, ಆದರೆ ಎರಡು ತಿಂಗಳ ಕೂಲಿ ಹೋಯಿತು. ಕೆಲವರು ಇದ್ದ ಕೆಲಸವನ್ನೇ ಬಿಟ್ಟು ಬಂದಿದ್ದರು.

ಅಲ್ಲಿ ಮುಖ್ಯ ಪಾಠ ಅರ್ಥಶಾಸ್ತ್ರ ಮತ್ತು ಬರವಣಿಗೆ. ತಮ್ಮ ದುಡಿಮೆಯ ಬದುಕನ್ನು ತಾವೇ ಬರೆಯಬೇಕಿತ್ತು. ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಸೇರಿದೆ, ಕೈಗೆ ಎಷ್ಟು ಬರುತ್ತದೆ, ಮನೆಗೆ ಹೋದಮೇಲೆ ಏನು ಮಾಡುತ್ತೀ, ಇಂಥವೇ. ಈ ಕ್ರಮ ನನಗೆ ಬಹಳ ಹಿಡಿಸಿತು. ನೀನೂ ಪೇ ಸ್ಲಿಪ್ಪುಗಳನ್ನು ತೆಗೆದುಕೊಂಡು ಹೋಗು. ಪಿಎಫ್ ಎಷ್ಟು ಹಿಡಿದರು, ಇಎಸ್‌ಐ ಎಷ್ಟು, ಓಟಿ ಲೆಕ್ಕ ಎಲ್ಲಿ ತಪ್ಪಿತು, ಇದನ್ನು ಕೇಳಿದರೆ ಪಾಠ ಮಾಡುವವರಿಗೂ ಚುರುಕು ಬರುತ್ತದೆ. ಅಲ್ಲಿ ಕಾವ್ಯ, ನಾಟಕ, ವಿಜ್ಞಾನವೂ ಇತ್ತು. ಸಂಜೆ ನಾಟಕ ಆಡೋಣ ಅಂದರೆ ಮೂಲೆ ಹಿಡಿದು ಕೂರಬೇಡ.

ನಾನು ಹೇಳಲು ಹೊರಟದ್ದು ಇದನ್ನು. ಕೆಲಸದ ಅವಧಿಯ ಬಗ್ಗೆ ಓದುತ್ತಿದ್ದ ಆ ಹುಡುಗಿಯರ ಕಣ್ಣು ತಮ್ಮದೇ ಹಾಸ್ಟೆಲಿನ ಮೇಲೆ ಬಿತ್ತು. ತಮ್ಮ ಕೋಣೆ ಗುಡಿಸುವ, ಊಟ ಬಡಿಸುವ ಹೆಂಗಸರು ಎಷ್ಟು ಹೊತ್ತು ದುಡಿಯುತ್ತಾರೆ? ವಿಚಾರಿಸಿದರು. ಅವರಿಗೂ ಎಂಟು ಗಂಟೆಯ ದಿನ ಬೇಕು ಎಂದು ಪಟ್ಟು ಹಿಡಿದರು. ಅತಿಥಿಗಳಾಗಿ ಬಂದವರು ಆತಿಥೇಯರ ಮನೆಯ ಲೆಕ್ಕವನ್ನೇ ಕೇಳಿದ ಹಾಗಾಯಿತು! ಶಾಲೆಯ ಆಡಳಿತದಲ್ಲೂ ಕೆಲಸಗಾರ್ತಿಯರು ಸಮಪಾಲು ಪಡೆದರು. ಕಪ್ಪು ಜನಾಂಗದವರಿಗೆ ಮೊದಲಿಗೆ ಪ್ರವೇಶವಿರಲಿಲ್ಲ. ಅವರೂ ಬರಬೇಕೆಂದು ವಿದ್ಯಾರ್ಥಿನಿಯರೇ ಒತ್ತಾಯಿಸಿದ ಮೇಲೆ 1926ರಲ್ಲಿ ಬಾಗಿಲು ತೆರೆಯಿತು. ಕ್ಯಾರಿ ಥಾಮಸ್ ದೊಡ್ಡ ಹೆಂಗಸು, ಆದರೆ ಜನಾಂಗದ ವಿಷಯದಲ್ಲಿ ಆಕೆಯ ಮನಸ್ಸು ಬಹಳ ಸಣ್ಣದು. ಅನ್ನ ಇಟ್ಟವರಿಗೆ ಕೃತಜ್ಞಳಾಗಿರು, ಪ್ರಶ್ನೆಯನ್ನು ಮಾತ್ರ ನುಂಗಬೇಡ. ನಮ್ಮ ಯೂನಿಯನ್ನಿಗೂ ಈ ಮಾತು ಸಲ್ಲುತ್ತದೆ. ಶಿಬಿರದಲ್ಲಿ ವೇದಿಕೆ ಮೇಲೆ ಎಷ್ಟು ಜನ ಗಂಡಸರು, ಪಾತ್ರೆ ತೊಳೆಯುವ ಕಡೆ ಎಷ್ಟು ಜನ ಹೆಂಗಸರು ಎಂದು ಒಮ್ಮೆ ಎಣಿಸಿ ನೋಡು.

ಕೇಳಿದ್ದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. 1934ರಲ್ಲಿ ನ್ಯೂಜೆರ್ಸಿಯ ಸೀಬ್ರೂಕ್ ಫಾರ್ಮ್ಸ್‌ನಲ್ಲಿ ಕೃಷಿ ಕೂಲಿಗಳ ಮುಷ್ಕರ ನಡೆದಾಗ ಶಾಲೆಯ ಕೆಲವು ಅಧ್ಯಾಪಕರು ಅಲ್ಲಿಗೆ ಹೋಗಿದ್ದರೆಂದು ಗದ್ದಲವೆದ್ದಿತು. ಮರುವರ್ಷ ಶಾಲೆ ಬೇರೆ ಕಡೆ ನಡೆಯಿತು. 1938ರ ಬಳಿಕ ಕಾಲೇಜನ್ನೇ ಬಿಟ್ಟು ಹಡ್ಸನ್ ನದಿ ದಡದಲ್ಲಿದ್ದ ಹಿಲ್ಡಾ ಸ್ಮಿತ್ ಕುಟುಂಬದ ಮನೆಗೆ ಹೋಯಿತು. ಅಷ್ಟರಲ್ಲಿ ಸುಮಾರು 1,700 ಹೆಂಗಸರು ಬ್ರಿನ್ ಮಾರ್ ಶಾಲೆಯಲ್ಲಿ ಕಲಿತಿದ್ದರು. ಅವರಲ್ಲೊಬ್ಬಳು ರೋಸ್ ಪೆಸೋಟಾ, ಮುಂದೆ ಹೆಣ್ಣುಮಕ್ಕಳ ಉಡುಪು ಹೊಲಿಯುವವರ ದೊಡ್ಡ ಸಂಘದ ಉಪಾಧ್ಯಕ್ಷೆಯಾದಳು. ಅಲ್ಲಿ ಕಲಿಸಿದ ಎಸ್ತರ್ ಪೀಟರ್ಸನ್, 1963ರಲ್ಲಿ ಸಮಾನ ವೇತನ ಕಾಯ್ದೆ ಆಗುವಾಗ ಸರ್ಕಾರದೊಳಗಿದ್ದು ಅದಕ್ಕಾಗಿ ಓಡಾಡಿದಾಕೆ. ಉಳಿದವರಲ್ಲಿ ಎಷ್ಟೋ ಜನ ಅದೇ ಮಿಷನ್‌ಗಳಿಗೆ ವಾಪಸಾದರು. ಅದರಿಂದ ಓದು ದಂಡವಾಯಿತು ಎಂದು ನನಗೆ ಅನ್ನಿಸುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾದಾಗ ಬೆಂಗಳೂರಿನ ರಸ್ತೆಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿದವರು ನಿನ್ನಂಥವರೇ ತಾನೆ? ಮುಂದೆ ಇನ್ನೊಂದು ಸುತ್ತೋಲೆ ಬಂದಾಗ ಅದನ್ನು ಓದಿ, ಊಟದ ಬಿಡುವಿನಲ್ಲಿ ಲೈನಿನವರಿಗೆ ಬಿಡಿಸಿ ಹೇಳಬಲ್ಲವಳೊಬ್ಬಳು ಅಲ್ಲೇ ಇರಬೇಕು.

ಸೂಪರ್‌ವೈಸರ್ ಬಾಯಿಮಾತಿಗೆ ‘ಹೋಗು’ ಅಂದರೆ ನಂಬಬೇಡ. ನಾಳೆಯೇ ರಜೆಯ ಅರ್ಜಿ ಬರೆದುಕೊಟ್ಟು, ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಂಡು ಬಾ.