ಜೇಬು ಬರಿದಾಗದೆ ಹಲ್ಲು ಉಳಿಸಿಕೊಳ್ಳಲು ಹತ್ತು ಸೂತ್ರಗಳು

ಹೃದಯದ ಆಪರೇಷನ್‌ಗೆ ಸರ್ಕಾರದ ಕಾರ್ಡು ನಡೆಯುತ್ತದೆ, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ನಡೆಯುವುದಿಲ್ಲ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಎಷ್ಟೋ ಮನೆಗಳಿಗೆ ಈ ಸಂಗತಿ ತಿಳಿಯುವುದು ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಮೇಲೆ. ಆಗ ನೋವು ಜೋರಾಗಿರುತ್ತದೆ, ಚೌಕಾಸಿಗೆ ಶಕ್ತಿ ಇರುವುದಿಲ್ಲ, ಡಾಕ್ಟರು ಹೇಳಿದ ಮೊತ್ತಕ್ಕೆ ತಲೆಯಾಡಿಸುತ್ತೇವೆ. ಅಲ್ಲಿಗೆ ಮುಟ್ಟುವ ಮುಂಚೆ ಮಾಡಬಹುದಾದ ಕೆಲಸಗಳು ಬಹಳ ಇವೆ.

1. ಕಾರ್ಡಿನ ಮಿತಿ ತಿಳಿದಿರಲಿ.
ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ಈ ಯೋಜನೆಯ ಲೆಕ್ಕವೆಲ್ಲ ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳ ಸುತ್ತ ಇದೆ. ಅಪಘಾತದಲ್ಲಿ ದವಡೆ ಮೂಳೆ ಮುರಿದರೆ, ಬಾಯಿ ಕ್ಯಾನ್ಸರ್ ಬಂದರೆ ಕಾರ್ಡು ಕೈಹಿಡಿಯುತ್ತದೆ. ಹುಳುಕು ತುಂಬಿಸುವುದು, ರೂಟ್ ಕೆನಾಲ್, ಕ್ಯಾಪು ಇವೆಲ್ಲ ಕೂತು ಮಾಡಿಸಿಕೊಂಡು ಮನೆಗೆ ಬರುವ ಕೆಲಸಗಳು, ಹಾಗಾಗಿ ಹೊರಗೇ ಉಳಿದಿವೆ. ಊಟ ಅಗಿಯಲಾರದವನ ಕಷ್ಟವನ್ನು ಆರೋಗ್ಯದ ಲೆಕ್ಕಕ್ಕೆ ಸೇರಿಸದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅದು ಬದಲಾಗುವವರೆಗೆ ಬೇರೆ ಬಾಗಿಲು ತಟ್ಟಬೇಕು.

2. ನೋವು ಬರುವ ಮುಂಚೆ ಹೋಗಿ.
ಹಲ್ಲಿನ ಮೇಲ್ಪದರದಲ್ಲಿ ನರವಿಲ್ಲ. ಹುಳುಕು ಅಲ್ಲಿರುವಾಗ ನೋವೂ ಇಲ್ಲ, ಖರ್ಚೂ ಕಡಿಮೆ: ಖಾಸಗಿ ಕ್ಲಿನಿಕ್ಕಿನಲ್ಲೂ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ತುಂಬಿಸಿ ಕಳಿಸುತ್ತಾರೆ. ಒಳಪದರಕ್ಕೆ ಇಳಿದಾಗ ತಣ್ಣೀರು ಝುಮ್ಮೆನ್ನುತ್ತದೆ. ಅದೇ ಎಚ್ಚರಿಕೆಯ ಗಂಟೆ. ನರ ಮುಟ್ಟಿದ ಮೇಲೆ ರೂಟ್ ಕೆನಾಲ್ ಮತ್ತು ಕ್ಯಾಪು ಎರಡೂ ಬೇಕು, ಮೊತ್ತ ಹತ್ತು ಸಾವಿರ ದಾಟುವುದು ಸಾಮಾನ್ಯ. ಅದನ್ನೂ ಬಿಟ್ಟರೆ ಹಲ್ಲು ಕೀಳಿಸಬೇಕು, ಆ ಜಾಗಕ್ಕೆ ಬ್ರಿಡ್ಜೋ ಇಂಪ್ಲಾಂಟೋ ಬೇಕು. ಹಣ ಕಡಿಮೆ ಇರುವವರು ‘ನೋವು ಬಂದಾಗ ನೋಡೋಣ’ ಎಂದು ಮುಂದೂಡುತ್ತಾರೆ, ಅತಿ ಹೆಚ್ಚು ಬೆಲೆ ತೆರುವವರೂ ಅವರೇ. ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಒಂದೊಂದು ನೋವಿನ ಮಾತ್ರೆಯೂ ನಿಮ್ಮನ್ನು ಅಗ್ಗದ ಚಿಕಿತ್ಸೆಯಿಂದ ದೂರ ಒಯ್ಯುತ್ತದೆ.

3. ಸಂಬಳದ ಚೀಟಿ ತೆಗೆದು ನೋಡಿ.
ಅದರಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಇದೆಯೇ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕಾರ್ಮಿಕರ ಪಾಲು ಶೇ. 0.75, ಮಾಲೀಕರದು ಶೇ. 3.25. ಹದಿನೈದು ಸಾವಿರ ಸಂಬಳದಲ್ಲಿ ನಿಮ್ಮಿಂದ ಹೋಗುವುದು 113 ರೂಪಾಯಿ, ಮಾಲೀಕರು ಸೇರಿಸುವುದು 488. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಎಷ್ಟೋ ಜನ ಪ್ರತಿ ತಿಂಗಳೂ ಈ ಹಣ ಕಟ್ಟುತ್ತಾರೆ, ಹಲ್ಲುನೋವು ಬಂದಾಗ ಮಾತ್ರ ಬೀದಿ ಕೊನೆಯ ಕ್ಲಿನಿಕ್ಕಿಗೆ ಸಾಲ ಮಾಡಿ ಹೋಗುತ್ತಾರೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ದಂತ ವಿಭಾಗವಿದೆ. ನಿಮಗಷ್ಟೇ ಅಲ್ಲ, ಹೆಂಡತಿ ಅಥವಾ ಗಂಡ, ಮಕ್ಕಳು, ನಿಮ್ಮನ್ನೇ ನಂಬಿರುವ ತಂದೆತಾಯಿಗೂ ಹಕ್ಕಿದೆ. ಅವರ ಹೆಸರು ಕಾರ್ಡಿಗೆ ಸೇರಿದೆಯೇ ಎಂದು ಕಂಪನಿಯ ಎಚ್‌ಆರ್‌ ವಿಭಾಗದಲ್ಲಿ ಇಂದೇ ಕೇಳಿ. ಇದು ದಾನವಲ್ಲ, ನೀವು ಕಟ್ಟಿದ ಹಣ.

4. ಡೆಂಟಲ್ ಕಾಲೇಜಿನ ದಾರಿ ಹಿಡಿಯಿರಿ.
ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿದೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ವಿಜಯನಗರ, ಕೆಂಗೇರಿಯವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಖಾಸಗಿ ಕಾಲೇಜುಗಳೂ ದೂರವಿಲ್ಲ: ಯಶವಂತಪುರದ ಕಡೆಯವರಿಗೆ ತುಮಕೂರು ರಸ್ತೆಯ ಕೆಎಲ್ಇ, ಕೆಂಗೇರಿಯವರಿಗೆ ಕುಂಬಳಗೋಡಿನ ರಾಜರಾಜೇಶ್ವರಿ, ವಿ.ವಿ. ಪುರಂ ಕಡೆ ಒಕ್ಕಲಿಗರ ಸಂಘದ ಕಾಲೇಜು. ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚೂ ಇಲ್ಲ.

‘ಹುಡುಗರು ನಮ್ಮ ಹಲ್ಲಿನ ಮೇಲೆ ಕಲಿಯುತ್ತಾರೆ’ ಎಂಬ ಭಯ ಬಹಳ ಜನಕ್ಕಿದೆ. ಅಲ್ಲಿ ನಡೆಯುವುದನ್ನು ತಿಳಿದುಕೊಂಡರೆ ಆ ಭಯ ಉಳಿಯುವುದಿಲ್ಲ. ಎಂಡಿಎಸ್ ಮಾಡುತ್ತಿರುವವರು ಆಗಲೇ ಬಿಡಿಎಸ್ ಮುಗಿಸಿದ ಡಾಕ್ಟರುಗಳು. ಬಿಡಿಎಸ್ ವಿದ್ಯಾರ್ಥಿಯಾದರೆ ಮೇಲೆ ಅಧ್ಯಾಪಕರ ಕಣ್ಣಿರುತ್ತದೆ, ಅವರು ಒಪ್ಪದೆ ಕೆಲಸ ಮುಂದೆ ಹೋಗುವುದಿಲ್ಲ. ಅವಸರದ ಕ್ಲಿನಿಕ್ಕಿನಲ್ಲಿ ಒಂದೇ ಕಣ್ಣು ನೋಡುವುದನ್ನು ಇಲ್ಲಿ ಎರಡು ಕಣ್ಣುಗಳು ನೋಡುತ್ತವೆ. ಬೆಲೆ ಕಡಿಮೆ, ಬದಲಿಗೆ ಕೊಡಬೇಕಾದ್ದು ಸಮಯ. ಬೆಳಿಗ್ಗೆ ಒಪಿಡಿ ಶುರುವಾಗುವಷ್ಟರಲ್ಲಿ ಅಲ್ಲಿರಿ. ಮೊದಲ ದಿನ ಚೀಟಿ, ಪರೀಕ್ಷೆ, ಎಕ್ಸ್‌ರೇಗಳಲ್ಲೇ ಕಳೆಯಬಹುದು. ರೂಟ್ ಕೆನಾಲ್‌ಗೆ ಮೂರ್ನಾಲ್ಕು ಸಲ ಬರಲು ಸಿದ್ಧರಿರಿ. ನಿಮ್ಮನ್ನು ನೋಡುವ ಡಾಕ್ಟರ ಹೆಸರು ಬರೆದುಕೊಳ್ಳಿ, ಮುಂದಿನ ದಿನಾಂಕ ಗೊತ್ತುಮಾಡದೆ ಎದ್ದು ಬರಬೇಡಿ. ವಿದ್ಯಾರ್ಥಿಗಳ ಪರೀಕ್ಷೆಗಳು ಹತ್ತಿರ ಇವೆಯೇ ಎಂದು ಕೇಳಿ, ಆ ದಿನಗಳಲ್ಲಿ ಕೆಲಸ ನಿಧಾನವಾಗುತ್ತದೆ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಯಾವ ಸೇವೆಗೆ ಎಷ್ಟು, ರಿಯಾಯಿತಿ ಇದೆಯೇ ಎಂದು ಕೌಂಟರಿನಲ್ಲೇ ವಿಚಾರಿಸಿ.

5. ಖಾಸಗಿ ಕ್ಲಿನಿಕ್ಕಿನಲ್ಲಿ ಮೊದಲು ಪಟ್ಟಿ, ಆಮೇಲೆ ಕುರ್ಚಿ.
ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದರ ಪ್ರಕಾರ ಕ್ಲಿನಿಕ್ಕುಗಳು ದರಪಟ್ಟಿ ಪ್ರದರ್ಶಿಸಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಚಿಕಿತ್ಸೆಯ ಅಂದಾಜನ್ನು ಕಾಗದದ ಮೇಲೆ ಬರೆಸಿಕೊಂಡು ಮೂರು ಪ್ರಶ್ನೆ ಕೇಳಿ: ಇದರಲ್ಲಿ ಈ ತಿಂಗಳೇ ಆಗಬೇಕಾದ್ದು ಯಾವುದು? ಆರು ತಿಂಗಳು ತಡೆದರೂ ಕೆಡದಿರುವುದು ಯಾವುದು? ಇದಕ್ಕಿಂತ ಕಡಿಮೆ ಬೆಲೆಯ ದಾರಿ ಇದೆಯೇ? ನಕ್ಕರೂ ಕಾಣದ ಹಿಂದಿನ ದವಡೆ ಹಲ್ಲಿಗೆ ಲೋಹದ ಕ್ಯಾಪು ಗಟ್ಟಿಯಾಗಿ ಬಾಳುತ್ತದೆ, ಬಿಳಿ ಜಿರ್ಕೋನಿಯಾವೇ ಆಗಬೇಕೆಂದಿಲ್ಲ. ಎಕ್ಸ್‌ರೇ ನಿಮ್ಮದು, ಫೋನಿಗೆ ಹಾಕಿಸಿಕೊಳ್ಳಿ. ದೊಡ್ಡ ಮೊತ್ತವಾದರೆ ಅದನ್ನೇ ಡೆಂಟಲ್ ಕಾಲೇಜಿನಲ್ಲಿ ತೋರಿಸಿ ಇನ್ನೊಂದು ಅಭಿಪ್ರಾಯ ಪಡೆಯಿರಿ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ಬಹುಮಟ್ಟಿಗೆ ಫ್ಲೋರೈಡಿನದು. ಅದನ್ನು ಹುಳುಕೆಂದು ತಿಳಿದು ಸಾಲುಸಾಲಾಗಿ ಕ್ಯಾಪು ಹಾಕಿಸಿಕೊಳ್ಳಬೇಡಿ.

6. ಇಎಂಐ ಕೂಡ ಸಾಲವೇ.
‘ಬಡ್ಡಿಯಿಲ್ಲ’ ಎಂದರೂ ಪ್ರೊಸೆಸಿಂಗ್ ಶುಲ್ಕ, ತಡವಾದರೆ ದಂಡ ಎಷ್ಟೆಂದು ಓದಿಯೇ ಸಹಿ ಹಾಕಿ. ಪೂರ್ತಿ ಮೊತ್ತ ಮುಂಗಡ ಕೊಡುವ ಬದಲು ಹಂತ ಮುಗಿದಂತೆ ಕೊಡುತ್ತೇನೆಂದು ಹೇಳಿ. ಬಡಾವಣೆಯ ಹಳೆಯ ಡಾಕ್ಟರುಗಳಲ್ಲಿ ಒಪ್ಪುವವರು ಬಹಳ ಮಂದಿ.

7. ವಿಮೆಯ ಸಣ್ಣ ಅಕ್ಷರ ಓದಿ.
ಬಹುಪಾಲು ಆರೋಗ್ಯ ವಿಮೆಗಳಲ್ಲಿ ಹಲ್ಲಿನ ಒಪಿಡಿ ಖರ್ಚು ಸೇರಿಲ್ಲ. ಅಪಘಾತದಿಂದಾದ ಪೆಟ್ಟಿಗೆ ಆಸ್ಪತ್ರೆ ಸೇರಿದರೆ ಮಾತ್ರ ಸಿಗುತ್ತದೆ. ಸ್ಕೂಟರಿನಿಂದ ಬಿದ್ದು ಹಲ್ಲು ಮುರಿದರೆ ಅದೇ ದಿನ ವೈದ್ಯರಿಂದ ಗಾಯದ ವಿವರ ಬರೆಸಿಕೊಳ್ಳಿ. ವಿಮೆಯೇ ಇಲ್ಲದ ಹಿರಿಯ ನಾಗರಿಕರ ವೈದ್ಯಕೀಯ ಖರ್ಚಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ, ಬಿಲ್ಲು ಎತ್ತಿಡಿ.

8. ಅಜ್ಜ ಅಜ್ಜಿಯ ಹಲ್ಲು ಸೆಟ್ಟಿಗೆ ದಂತಭಾಗ್ಯ ಕೇಳಿ.
ಹಲ್ಲೆಲ್ಲ ಉದುರಿದ ಬಿಪಿಎಲ್ ಕುಟುಂಬದ ಹಿರಿಯರಿಗೆ ಡೆಂಟಲ್ ಕಾಲೇಜುಗಳ ಮೂಲಕ ಉಚಿತ ಸೆಟ್ಟು ಕೊಡಲು ರಾಜ್ಯ ಸರ್ಕಾರ ತಂದ ಯೋಜನೆ ಇದು. ಈಗಿನ ವಯಸ್ಸಿನ ಮಿತಿ, ಬೇಕಾದ ದಾಖಲೆಗಳನ್ನು ಸರ್ಕಾರಿ ದಂತ ಕಾಲೇಜಿನಲ್ಲಿ ವಿಚಾರಿಸಿ. ‘ಈ ವಯಸ್ಸಿಗೆ ಹಲ್ಲೇಕೆ’ ಎನ್ನುವ ಹಿರಿಯರ ಮಾತನ್ನು ನಂಬಬೇಡಿ, ಮಕ್ಕಳಿಗೆ ಖರ್ಚಾಗುತ್ತದೆಂದು ಅವರು ಹಾಗೆನ್ನುತ್ತಾರೆ.

9. ಇಲ್ಲಿ ಮಾತ್ರ ಉಳಿತಾಯ ಬೇಡ.
ದವಡೆಯ ಕೆಳಗೆ ಊತ ಹರಡುತ್ತಿದೆ, ಜ್ವರವಿದೆ, ಬಾಯಿ ತೆರೆಯಲಾಗುತ್ತಿಲ್ಲ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದೆ ಎಂದರೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇದು ಜೀವ ತೆಗೆಯಬಲ್ಲ ಸೋಂಕು. ಬಾಯಿಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎರಡು ವಾರವಾದರೂ ಮಾಯದಿದ್ದರೆ, ಅದರಲ್ಲೂ ಹೊಗೆಸೊಪ್ಪು ಹಾಕುವವರು, ಡೆಂಟಲ್ ಕಾಲೇಜಿನಲ್ಲೋ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ತೋರಿಸಿ. ಕಡಿಮೆ ಬೆಲೆಗೆ ‘ಫಿಕ್ಸ್ ಹಲ್ಲು’ ಅಂಟಿಸಿಕೊಡುವವರ ಹತ್ತಿರ ಸುಳಿಯಬೇಡಿ. ಅಂಟಿನ ಕೆಳಗೆ ವಸಡು ಕೊಳೆತು, ಗಟ್ಟಿಯಾಗಿದ್ದ ಪಕ್ಕದ ಹಲ್ಲೂ ಹೋಗುತ್ತದೆ. ಹಲ್ಲಿನ ಡಾಕ್ಟರಿಗೆ ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಇರಲೇಬೇಕು.

10. ಆರನೇ ವರ್ಷದ ದವಡೆ ಹಲ್ಲನ್ನು ಕಾಯಿರಿ.
ಸುಮಾರು ಆರು ವರ್ಷಕ್ಕೆ, ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದೂ ಹಾಲುಹಲ್ಲೇ ಎಂದು ತಂದೆತಾಯಿ ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ. ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಇದೆಯೇ ನೋಡಿ, ರಾತ್ರಿ ಮಲಗುವ ಮುಂಚೆ ನೀವೇ ನಿಂತು ಉಜ್ಜಿಸಿ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಹಲ್ಲಿನ ಹುಳುಕನ್ನೂ ನೋಡುತ್ತದೆ, ಅವರು ಬರೆದುಕೊಟ್ಟ ಚೀಟಿಯನ್ನು ಮಗುವಿನ ಬ್ಯಾಗಿನಲ್ಲೇ ಉಳಿಸಬೇಡಿ. ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಈ ಭಾನುವಾರ ಬಿಸಿಲಿನಲ್ಲಿ ನಿಲ್ಲಿಸಿ ಬಾಯಿ ತೆರೆಸಿ ನೋಡಿ. ಕೊನೆಯ ಹಲ್ಲಿನ ಗೆರೆಗಳಲ್ಲಿ ಕಪ್ಪು ಕಂಡರೆ ಸೋಮವಾರವೇ ಶಾಲೆಗೆ ರಜೆ ಹಾಕಿಸಿ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ.