ಒಂದು ದೇಶಕ್ಕೆ ಒಂದೇ ದೋಣಿ

ಉದ್ದ ಸುಮಾರು 5 ಮೀಟರ್, ಹಾಯಿ ಮೂರು, ನಡೆಸುವವರು ಇಬ್ಬರು. ಮಹಿಳೆಯರ ಫಾರ್ಟಿನೈನರ್ ಎಫ್‌ಎಕ್ಸ್ ಹಾಯಿದೋಣಿ ವರ್ಗ ಒಲಿಂಪಿಕ್ಸ್‌ಗೆ ಬಂದದ್ದು 2016ರ ರಿಯೋದಲ್ಲಿ. ಗಾಳಿ ಬಲವಾದರೆ ಇಬ್ಬರೂ ಸೊಂಟದ ಕೊಕ್ಕೆಯನ್ನು ಹಾಯಿಕಂಬದ ತಂತಿಗೆ ಸಿಕ್ಕಿಸಿ, ದೋಣಿಯಂಚಿಗೆ ಪಾದ ಊರಿ, ನೀರಿನ ಮೇಲೆ ಮಲಗಿದಂತೆ ತೂಗುತ್ತಾರೆ. ದೋಣಿ ಮಗುಚದಿರಲು ಅವರ ಮೈತೂಕವೇ ಆಧಾರ.

ರಿಯೋದ ಚಿನ್ನ ಆತಿಥೇಯ ಬ್ರೆಜಿಲ್‌ನ ಮಾರ್ಟಿನ್ ಗ್ರೇಲ್–ಕಹೇನಾ ಕುಂಜೆ ಜೋಡಿಗೆ. ಕೊನೆಯ ರೇಸಿನಲ್ಲಿ ನ್ಯೂಜಿಲೆಂಡ್ ಹಿಂದೆ ಬಿದ್ದದ್ದು ಬರೀ 2 ಸೆಕೆಂಡ್! ಟೋಕಿಯೊದಲ್ಲೂ ಇದೇ ಜೋಡಿ ಗೆದ್ದಿತು.

ಹೊಸಬರನ್ನು ಎಡವಿಸುವ ಅಂಶ: ಇಲ್ಲಿ ಮೊದಲ ಸ್ಥಾನಕ್ಕೆ 1 ಅಂಕ, ಎರಡನೆಯದಕ್ಕೆ 2. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಕೊನೆಗೆ ನಡೆಯುವ ಪದಕ ರೇಸಿನ ಅಂಕ ದುಪ್ಪಟ್ಟು.

ಒಲಿಂಪಿಕ್ಸ್‌ನಲ್ಲಿ ಒಂದು ವರ್ಗದಲ್ಲಿ ಒಂದು ದೇಶಕ್ಕೆ ಒಂದೇ ದೋಣಿ. ಬಲಿಷ್ಠ ದೇಶಗಳಲ್ಲಿ ಸ್ವದೇಶಿ ಎದುರಾಳಿಯನ್ನು ಸೋಲಿಸುವುದೇ ಅರ್ಧ ಯುದ್ಧ.

ಭಾರತದ ವರ್ಷಾ ಗೌತಮ್–ಶ್ವೇತಾ ಶೇರ್ವೇಗಾರ್ ಇದೇ ವರ್ಗದಲ್ಲಿ 2018ರ ಏಷ್ಯನ್ ಕ್ರೀಡಾಕೂಟದ ಬೆಳ್ಳಿ ಗೆದ್ದರು. ಒಲಿಂಪಿಕ್ಸ್ ಅರ್ಹತೆ ಪಡೆದ ಮೊದಲ ಭಾರತೀಯ ಹಾಯಿದೋಣಿ ಆಟಗಾರ್ತಿ ಮಾತ್ರ ಚೆನ್ನೈನ ನೇತ್ರಾ ಕುಮನನ್. ಅವರದು ಒಬ್ಬರೇ ನಡೆಸುವ ಲೇಸರ್ ರೇಡಿಯಲ್. ಅರ್ಹತೆ ದಕ್ಕಿದ್ದು 2021ರ ಏಪ್ರಿಲ್‌ನಲ್ಲಿ, ಒಮಾನ್‌ನ ಮುಸನ್ನಾದಲ್ಲಿ. ಟೋಕಿಯೊದಲ್ಲಿ 35ನೇ ಸ್ಥಾನ, 2024ರ ಪ್ಯಾರಿಸ್‌ನಲ್ಲಿ 21.